ಒಂದೇ ಕಳವು, ಊರಿಗೊಂದು ತೀರ್ಪು

ನ್ಯಾಯಾಂಗದ ಪಾಠ ಶುರುವಾದ ಕೂಡಲೇ ನಮ್ಮ ತರಗತಿಗಳಲ್ಲಿ ಅಮೆರಿಕದ ಮಾತು ಬಂದೇ ಬರುತ್ತದೆ. ಈ ವರ್ಷ ಬಂದ ಪ್ರಶ್ನೆ ಮೊಬೈಲಿನ ರೀಲ್ಸ್‌ನಿಂದ ಇಳಿದದ್ದು: “ಸರ್, ಕ್ಯಾಲಿಫೋರ್ನಿಯಾದಲ್ಲಿ 950 ಡಾಲರ್ ಒಳಗೆ ಕದ್ದರೆ ಕೇಸೇ ಇಲ್ಲವಂತೆ, ಹೌದಾ?” ಹಾಗೇನಿಲ್ಲ ಎಂದು ಹೇಳಿ ಮುಂದಿನ ಪುಟಕ್ಕೆ ಹೋಗಬಹುದಿತ್ತು. ಆದರೆ ಆ 950 ಎಂಬ ಅಂಕಿ ಎಲ್ಲಿಂದ ಬಂತು, ಬೇರೆ ರಾಜ್ಯದಲ್ಲಿ ಅದು ಯಾಕೆ ಬೇರೆ, ಸಿಕ್ಕಿಬಿದ್ದವನಿಗೆ ನಿಜವಾಗಿ ಏನಾಗುತ್ತದೆ ಎಂದು ಹೇಳಹೊರಟರೆ ಒಂದು ಪೀರಿಯಡ್ ಸಾಲುವುದಿಲ್ಲ. ಆದ್ದರಿಂದ ಇಲ್ಲಿ ಬರೆಯುತ್ತಿದ್ದೇನೆ. ರಾಜ್ಯಶಾಸ್ತ್ರದವರಿಗೆ ಒಕ್ಕೂಟ ವ್ಯವಸ್ಥೆಯ ಪಾಠಕ್ಕೆ ಇದು ಉಪಯೋಗವಾದೀತು. ಎಂಜಿನಿಯರಿಂಗ್ ಮುಗಿಸಿ ಎಂ.ಎಸ್. ಮಾಡಲು ಅಮೆರಿಕಕ್ಕೆ ಹೋಗುವ ಯೋಚನೆಯಲ್ಲಿರುವ ವಿಜ್ಞಾನ ವಿಭಾಗದವರಿಗೆ ಬೇರೆ ಕಾರಣಕ್ಕೆ ಉಪಯೋಗವಾದೀತು.

ಮೊದಲು ನಮ್ಮದನ್ನು ನೆನಪಿಸಿಕೊಳ್ಳೋಣ. ಒಬ್ಬ ಮಂಗಳೂರಿನಲ್ಲಿ ಮೊಬೈಲ್ ಕದ್ದ, ಇನ್ನೊಬ್ಬ ಬೀದರಿನಲ್ಲಿ ಕದ್ದ, ಮತ್ತೊಬ್ಬ ತಲಪಾಡಿ ಗಡಿ ದಾಟಿ ಕೇರಳದ ಮಂಜೇಶ್ವರದಲ್ಲಿ ಕದ್ದ ಎಂದಿಟ್ಟುಕೊಳ್ಳಿ. ಮೂವರ ಮೇಲೂ ಹಾಕುವ ಕಲಂ ಒಂದೇ. 2024ರ ಜೂನ್ 30ರವರೆಗೆ ಅದು ಭಾರತೀಯ ದಂಡ ಸಂಹಿತೆಯ 379ನೇ ಕಲಂ ಆಗಿತ್ತು, ಜುಲೈ 1ರಿಂದ ಭಾರತೀಯ ನ್ಯಾಯ ಸಂಹಿತೆಯ 303ನೇ ಕಲಂ. ಗಡಿ ದಾಟಿದರೆ ಠಾಣೆಯ ಭಾಷೆ ಬದಲಾದೀತು, ಅಪರಾಧದ ಹೆಸರಾಗಲಿ ಗರಿಷ್ಠ ಶಿಕ್ಷೆಯಾಗಲಿ ಬದಲಾಗುವುದಿಲ್ಲ.

ಅಮೆರಿಕದಲ್ಲಿ ಹಾಗಲ್ಲ. ಅಲ್ಲಿ 50 ರಾಜ್ಯಗಳಿಗೆ 50 ದಂಡ ಕಾನೂನುಗಳಿವೆ. ಒಕ್ಕೂಟ ಸರ್ಕಾರಕ್ಕೂ ಪ್ರತ್ಯೇಕ ಕಾನೂನು ಮತ್ತು ನ್ಯಾಯಾಲಯಗಳಿವೆ, ಆದರೆ ಅಂಗಡಿ ಕಳವು, ಸೈಕಲ್ ಕಳವು, ಕಾರು ಕಳವಿನಂಥವು ಬಹುಪಾಲು ರಾಜ್ಯದ ಕಾನೂನಿಗೆ ಸೇರಿದವು. ಅವುಗಳ ವಿಚಾರಣೆ ನಡೆಯುವುದು ಕೌಂಟಿಯ ನ್ಯಾಯಾಲಯದಲ್ಲಿ. ಕೌಂಟಿ ಎಂದರೆ ಸುಮಾರಾಗಿ ನಮ್ಮ ಜಿಲ್ಲೆ ಎನ್ನಿ. ಕೆಲವು ನಮ್ಮ ತಾಲ್ಲೂಕಿಗಿಂತ ಚಿಕ್ಕವು. ಟೆಕ್ಸಾಸ್ ಒಂದರಲ್ಲೇ 254 ಕೌಂಟಿಗಳಿವೆ, ಕ್ಯಾಲಿಫೋರ್ನಿಯಾದಲ್ಲಿ 58.

ಈ ಎಲ್ಲ ರಾಜ್ಯಗಳೂ ಅಪರಾಧಗಳನ್ನು ಎರಡು ದೊಡ್ಡ ಗುಂಪುಗಳಾಗಿ ವಿಂಗಡಿಸುತ್ತವೆ. ಸಣ್ಣವಕ್ಕೆ ಮಿಸ್‌ಡಿಮೀನರ್ ಎನ್ನುತ್ತಾರೆ. ಸಾಮಾನ್ಯವಾಗಿ ಒಂದು ವರ್ಷದವರೆಗೆ, ಅದೂ ಕೌಂಟಿಯ ಸ್ಥಳೀಯ ಜೈಲಿನಲ್ಲಿ ಶಿಕ್ಷೆ. ದೊಡ್ಡವಕ್ಕೆ ಫೆಲನಿ ಎಂದು ಹೆಸರು. ಒಂದು ವರ್ಷಕ್ಕೆ ಮೇಲ್ಪಟ್ಟು ಶಿಕ್ಷೆ ಕೊಡಬಹುದಾದವು ಇವು. ವ್ಯತ್ಯಾಸ ಬರೀ ಜೈಲಿನ ದಿನಗಳ ಲೆಕ್ಕವಲ್ಲ. ಫೆಲನಿಯ ಮುದ್ರೆ ಬಿದ್ದವನಿಗೆ ಕೆಲಸ, ಬಾಡಿಗೆ ಮನೆ, ಎಷ್ಟೋ ವೃತ್ತಿಗಳ ಪರವಾನಗಿ ಎಲ್ಲವೂ ಕಷ್ಟ. ಮತದಾನದ ಹಕ್ಕಿನ ಕತೆಯೂ ರಾಜ್ಯದಿಂದ ರಾಜ್ಯಕ್ಕೆ ಬೇರೆ. ಮೇನ್ ಮತ್ತು ವರ್ಮಾಂಟ್ ರಾಜ್ಯಗಳಲ್ಲಿ ಕೈದಿ ಜೈಲಿನೊಳಗಿಂದಲೇ ಮತ ಹಾಕಬಹುದು. ಇನ್ನು ಕೆಲವೆಡೆ ಹೊರಬಂದ ಮೇಲೂ ಹಕ್ಕು ತಾನಾಗಿ ಮರಳುವುದಿಲ್ಲ.

ಕಳವಿನಲ್ಲಿ ಸಣ್ಣದು ಯಾವುದು, ದೊಡ್ಡದು ಯಾವುದು ಎಂದು ತೀರ್ಮಾನಿಸುವುದು ಮುಖ್ಯವಾಗಿ ಕದ್ದ ವಸ್ತುವಿನ ಬೆಲೆ. ಪ್ರತಿ ರಾಜ್ಯವೂ ಒಂದು ಗೆರೆ ಎಳೆದಿದೆ. ಕ್ಯಾಲಿಫೋರ್ನಿಯಾದ ಗೆರೆ 950 ಡಾಲರ್. ಟೆಕ್ಸಾಸಿನದು 2,500. ವರ್ಜೀನಿಯಾದ್ದು 1,000. ಫ್ಲೋರಿಡಾದ್ದು 750. ನ್ಯೂಜೆರ್ಸಿಯದು ಕೇವಲ 200. ಈಗ 600 ಡಾಲರಿನ, ಅಂದರೆ ನಮ್ಮ ಲೆಕ್ಕದಲ್ಲಿ ಸುಮಾರು ಐವತ್ತು ಸಾವಿರ ರೂಪಾಯಿಯ, ಒಂದು ಫೋನನ್ನು ತೆಗೆದುಕೊಳ್ಳಿ. ಅದನ್ನು ಟೆಕ್ಸಾಸಿನಲ್ಲಿ ಕದ್ದರೆ ‘ಬಿ’ ದರ್ಜೆಯ ಮಿಸ್‌ಡಿಮೀನರ್, ಹೆಚ್ಚೆಂದರೆ 180 ದಿನ ಜೈಲು. ಅದೇ ಫೋನನ್ನು ನ್ಯೂಜೆರ್ಸಿಯಲ್ಲಿ ಕದ್ದರೆ ಮೂರನೇ ದರ್ಜೆಯ ಅಪರಾಧ, ಪುಸ್ತಕದಲ್ಲಿ ಬರೆದಿರುವ ಶಿಕ್ಷೆ 3ರಿಂದ 5 ವರ್ಷ. ಸ್ವಾರಸ್ಯವೆಂದರೆ ನ್ಯೂಜೆರ್ಸಿಯವರು ಫೆಲನಿ ಎಂಬ ಪದವನ್ನು ತಮ್ಮ ಕಾನೂನಿನಲ್ಲಿ ಬಳಸುವುದೇ ಇಲ್ಲ. ಹೆಸರು ಬೇರೆ, ಪರಿಣಾಮ ಅದೇ.

ಇನ್ನು ರೀಲ್ಸ್‌ನ ಪ್ರಶ್ನೆಗೆ ಉತ್ತರ. ಕ್ಯಾಲಿಫೋರ್ನಿಯಾದಲ್ಲಿ 950 ಡಾಲರಿಗಿಂತ ಕಡಿಮೆ ಬೆಲೆಯದನ್ನು ಕದಿಯುವುದೂ ಅಪರಾಧವೇ, ಆರು ತಿಂಗಳವರೆಗೆ ಜೈಲು ಇದೆ. 2014ರಲ್ಲಿ ಅಲ್ಲಿನ ಮತದಾರರು 47ನೇ ಪ್ರಸ್ತಾವವನ್ನು ಒಪ್ಪಿ, ಆ ಗೆರೆಯ ಕೆಳಗಿನ ಕಳವುಗಳನ್ನು ಹಳೆಯ ಸಣ್ಣ ಅಪರಾಧಿಗಳ ವಿಷಯದಲ್ಲೂ ಮಿಸ್‌ಡಿಮೀನರ್ ಎಂದೇ ನೋಡಬೇಕೆಂದು ತೀರ್ಮಾನಿಸಿದರು. ಹತ್ತು ವರ್ಷಗಳ ನಂತರ, 2024ರ ನವೆಂಬರಿನಲ್ಲಿ, ಅದೇ ಮತದಾರರು 36ನೇ ಪ್ರಸ್ತಾವವನ್ನು ದೊಡ್ಡ ಬಹುಮತದಿಂದ ಒಪ್ಪಿ, ಹಿಂದೆ ಎರಡು ಬಾರಿ ಕಳವಿಗೆ ಶಿಕ್ಷೆಯಾದವನು ಮೂರನೇ ಸಲ ಎಷ್ಟೇ ಸಣ್ಣದನ್ನು ಕದ್ದರೂ ಫೆಲನಿ ಹಾಕಬಹುದು ಎಂದರು. ಟೆಕ್ಸಾಸಿನಲ್ಲೂ ಇಂಥದೇ ನಿಯಮವಿದೆ. ಅಂದರೆ ಗೆರೆ ಬೆಲೆಯದು ಮಾತ್ರವಲ್ಲ, ಕದ್ದವನ ಹಿಂದಿನ ದಾಖಲೆಯದೂ ಹೌದು. ಕೆಲವೊಮ್ಮೆ ಕದ್ದ ವಸ್ತು ಯಾವುದು ಎಂಬುದರದೂ ಹೌದು. ಟೆಕ್ಸಾಸಿನಲ್ಲಿ ಒಂದು ದನ ಅಥವಾ ಒಂದು ಕುದುರೆ ಕದ್ದರೆ ಅದರ ಬೆಲೆ ಎಷ್ಟೇ ಕಡಿಮೆ ಇರಲಿ, ನೇರ ಮೂರನೇ ದರ್ಜೆಯ ಫೆಲನಿ, 2ರಿಂದ 10 ವರ್ಷ. ದನ ಸಾಕುವವರ ನಾಡು ತನ್ನ ಕಾನೂನು ಬರೆದುಕೊಂಡದ್ದು ಹಾಗೆ.

ಗೆರೆಯ ಬಗ್ಗೆ ಇನ್ನೊಂದು ಮಾತು, ವಾಣಿಜ್ಯ ವಿಭಾಗದವರು ಗಮನಿಸಿ. ವರ್ಜೀನಿಯಾದಲ್ಲಿ 1980ರಿಂದ 2018ರವರೆಗೆ ಗೆರೆ 200 ಡಾಲರಿನಲ್ಲೇ ನಿಂತಿತ್ತು. 38 ವರ್ಷಗಳಲ್ಲಿ ವಸ್ತುಗಳ ಬೆಲೆ ಏರುತ್ತಾ ಹೋಯಿತು, ಗೆರೆ ಕದಲಲಿಲ್ಲ. ಹಾಗಾಗಿ 1980ರಲ್ಲಿ ಸಣ್ಣ ಕಳವಾಗಿದ್ದದ್ದು ಕಾನೂನಿನ ಒಂದು ಅಕ್ಷರವೂ ಬದಲಾಗದೆ ಫೆಲನಿಯಾಗಿಬಿಟ್ಟಿತು. ಹಣದುಬ್ಬರ ಜನರನ್ನು ಜೈಲಿಗೂ ಕಳಿಸುತ್ತದೆ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಉದಾಹರಣೆ ನನಗೆ ಗೊತ್ತಿಲ್ಲ. 2018ರಲ್ಲಿ ಅದನ್ನು 500ಕ್ಕೂ, 2020ರಲ್ಲಿ 1,000ಕ್ಕೂ ಏರಿಸಿದರು.

ಬೆಲೆ ಯಾವ ನ್ಯಾಯಾಲಯಕ್ಕೆ ಹೋಗಬೇಕೆಂಬುದನ್ನೂ ನಿರ್ಧರಿಸುತ್ತದೆ. ಟೆಕ್ಸಾಸಿನಲ್ಲಿ 100 ಡಾಲರಿನೊಳಗಿನ ಕಳವು ಊರಿನ ಮುನ್ಸಿಪಲ್ ಕೋರ್ಟು ಅಥವಾ ಜಸ್ಟಿಸ್ ಆಫ್ ದ ಪೀಸ್ ಮುಂದೆ ದಂಡದಲ್ಲಿ ಮುಗಿಯುತ್ತದೆ. ಅದಕ್ಕಿಂತ ದೊಡ್ಡ ಮಿಸ್‌ಡಿಮೀನರ್‌ಗಳು ಕೌಂಟಿ ಕೋರ್ಟಿಗೆ, ಫೆಲನಿಗಳು ಡಿಸ್ಟ್ರಿಕ್ಟ್ ಕೋರ್ಟಿಗೆ. ಫೆಲನಿಯಾದರೆ ಮೊದಲು 12 ಜನ ನಾಗರಿಕರ ಗ್ರ್ಯಾಂಡ್ ಜ್ಯೂರಿ ಕುಳಿತು, ಕನಿಷ್ಠ 9 ಮಂದಿ ಒಪ್ಪಿದರೆ ಮಾತ್ರ ಆರೋಪ ಹೊರಿಸಬಹುದು. ಕ್ಯಾಲಿಫೋರ್ನಿಯಾದಲ್ಲಿ ಸಣ್ಣದು, ದೊಡ್ಡದು ಎರಡೂ ಕೌಂಟಿಯ ಸುಪೀರಿಯರ್ ಕೋರ್ಟಿಗೇ ಹೋಗುತ್ತವೆ. ಫೆಲನಿಯಲ್ಲಿ ಸಾಮಾನ್ಯವಾಗಿ ಒಬ್ಬ ನ್ಯಾಯಾಧೀಶರು ಪ್ರಾಥಮಿಕ ವಿಚಾರಣೆ ಮಾಡಿ ಸಾಕಷ್ಟು ಸಾಕ್ಷ್ಯ ಇದೆಯೇ ಎಂದು ನೋಡುತ್ತಾರೆ. ಪರೀಕ್ಷೆಗೆ ಇದನ್ನೆಲ್ಲ ಬಾಯಿಪಾಠ ಮಾಡಬೇಕಾಗಿಲ್ಲ. ನೆನಪಿಡಬೇಕಾದ ಮನುಷ್ಯ ಒಬ್ಬನೇ: ಸರ್ಕಾರದ ಪರ ವಕೀಲ.

ಆತನನ್ನು ಡಿಸ್ಟ್ರಿಕ್ಟ್ ಅಟಾರ್ನಿ ಎನ್ನುತ್ತಾರೆ. ನಮ್ಮ ಪಬ್ಲಿಕ್ ಪ್ರಾಸಿಕ್ಯೂಟರ್‌ಗೆ ಹೋಲಿಸಬಹುದು, ಆದರೆ ಅಧಿಕಾರ ಬಹಳ ಹೆಚ್ಚು. ಹೆಚ್ಚಿನ ರಾಜ್ಯಗಳಲ್ಲಿ ಆತ ಚುನಾವಣೆಯಲ್ಲಿ ಗೆದ್ದು ಬರುತ್ತಾನೆ, ನಮ್ಮಲ್ಲಿ ಶಾಸಕರು ಬರುವಂತೆ. ನ್ಯೂಜೆರ್ಸಿಯಲ್ಲಿ ಮಾತ್ರ ರಾಜ್ಯಪಾಲರು ನೇಮಿಸುತ್ತಾರೆ. ಅಲ್ಲಿನ ರಾಜ್ಯಪಾಲರು ಜನರಿಂದ ಆಯ್ಕೆಯಾದ ಮುಖ್ಯಸ್ಥರು, ನಮ್ಮ ಮುಖ್ಯಮಂತ್ರಿಯ ಸ್ಥಾನದವರು ಎಂಬುದನ್ನು ಮರೆಯಬೇಡಿ. ಕೇಸು ಹಾಕಬೇಕೆ ಬೇಡವೆ, ಹಾಕಿದರೆ ಯಾವ ಕಲಂ, ಫೆಲನಿಯೋ ಮಿಸ್‌ಡಿಮೀನರೋ ಎಂದು ಮೊದಲು ನಿರ್ಧರಿಸುವವರು ಇವರೇ. ಕ್ಯಾಲಿಫೋರ್ನಿಯಾದಲ್ಲಿ ಎರಡೂ ಕಡೆಗೆ ವಾಲಬಲ್ಲ ಅಪರಾಧಗಳೇ ಇವೆ. 950 ಡಾಲರಿಗೆ ಮೇಲ್ಪಟ್ಟ ಕಳವು ಅಂಥದ್ದು. ಒಂದೇ ಕೃತ್ಯ, ಎರಡು ಹೆಸರು, ಆಯ್ಕೆ ಅಟಾರ್ನಿಯದು. ನ್ಯಾಯಾಧೀಶರು ಆಮೇಲೆ ಇಳಿಸಲೂಬಹುದು.

ಹೀಗಾಗಿ ಒಂದೇ ರಾಜ್ಯದೊಳಗೂ ಕೌಂಟಿ ಬದಲಾದರೆ ಫಲಿತಾಂಶ ಬದಲಾಗುತ್ತದೆ. ಟೆಕ್ಸಾಸಿನ ಡಲ್ಲಾಸ್ ಕೌಂಟಿಯಲ್ಲಿ ಜಾನ್ ಕ್ರೂಜೋ ಎಂಬ ಡಿಸ್ಟ್ರಿಕ್ಟ್ ಅಟಾರ್ನಿ 2019ರಲ್ಲಿ ಒಂದು ಪ್ರಕಟಣೆ ಮಾಡಿದರು. ಮಗುವಿನ ಹಾಲಿನ ಪುಡಿ, ಆಹಾರದಂಥ ಅಗತ್ಯ ವಸ್ತುಗಳನ್ನು ಹೊಟ್ಟೆಪಾಡಿಗಾಗಿ ಕದ್ದವರ ಮೇಲೆ, ಬೆಲೆ 750 ಡಾಲರಿಗಿಂತ ಕಡಿಮೆಯಿದ್ದು ಅದು ಮಾರಿ ಲಾಭ ಮಾಡಲು ಕದ್ದದ್ದಲ್ಲದಿದ್ದರೆ, ಕೇಸು ನಡೆಸುವುದಿಲ್ಲ ಎಂದು. ರಾಜ್ಯಪಾಲರೂ ಅಂಗಡಿಯವರೂ ವಿರೋಧಿಸಿದರು. ಆ ಅವಧಿಯಲ್ಲಿ ಅಕ್ಕಪಕ್ಕದ ಕೌಂಟಿಗಳಲ್ಲಿ ಅದೇ ಕಾನೂನಿನ ಪ್ರಕಾರ ಕೇಸು ನಡೆಯುತ್ತಲೇ ಇತ್ತು. ಮುಂದೆ ಅವರೇ ಆ ನೀತಿಯನ್ನು ಹಿಂತೆಗೆದುಕೊಂಡರು. ಸ್ಯಾನ್‌ಫ್ರಾನ್ಸಿಸ್ಕೋದಲ್ಲಿ ಚೇಸಾ ಬುಡಿನ್ ಎಂಬ ಅಟಾರ್ನಿ ಅಪರಾಧಿಗಳ ಬಗ್ಗೆ ಮೆದುವಾಗಿದ್ದಾರೆಂಬ ಟೀಕೆ ಎದ್ದು, 2022ರ ಜೂನಿನಲ್ಲಿ ಮತದಾರರು ಅವಧಿಗೆ ಮುಂಚೆಯೇ ಅವರನ್ನು ಕೆಳಗಿಳಿಸಿದರು. ಇದು ಸರಿಯೋ ತಪ್ಪೋ ಎಂಬ ಚರ್ಚೆ ನಮ್ಮ ಡಿಬೇಟ್ ಕ್ಲಬ್ಬಿಗೆ ಒಳ್ಳೆಯ ವಿಷಯ. ಒಂದು ಊರಿನ ಜನ ತಮ್ಮ ಊರಿನ ಕಳವಿಗೆ ಎಷ್ಟು ಕಠಿಣವಾಗಿರಬೇಕೆಂದು ತಾವೇ ನಿರ್ಧರಿಸುವುದರಲ್ಲಿ ಒಂದು ನ್ಯಾಯ ಇದೆ ಎಂದೇ ನನಗನಿಸುತ್ತದೆ.

ನನಗೆ ಕಳವಳ ತರುವುದು ಈ ವ್ಯತ್ಯಾಸವಲ್ಲ, ಇದರ ಮುಂದಿನ ಹಂತ.

ಸಿನಿಮಾಗಳಲ್ಲಿ ಅಮೆರಿಕದ ಕೋರ್ಟು ಎಂದರೆ 12 ಜನ ಜ್ಯೂರಿ, ವಾದ, ಪ್ರತಿವಾದ, ಕೊನೆಗೆ ಎದ್ದು ನಿಂತು ಹೇಳುವ ತೀರ್ಪು. ಸಂವಿಧಾನ ಆ ಹಕ್ಕನ್ನು ಕೊಟ್ಟಿರುವುದೂ ನಿಜ. ಆದರೆ 2012ರ ಮಿಸೌರಿ ವಿರುದ್ಧ ಫ್ರೈ ತೀರ್ಪಿನಲ್ಲಿ ಅಮೆರಿಕದ ಸುಪ್ರೀಂ ಕೋರ್ಟೇ ದಾಖಲಿಸಿದ ಅಂಕಿ ನೋಡಿ: ಒಕ್ಕೂಟದ ನ್ಯಾಯಾಲಯಗಳಲ್ಲಿ ಅಪರಾಧಿಗಳೆಂದು ತೀರ್ಮಾನವಾದವರಲ್ಲಿ ಶೇಕಡಾ 97, ರಾಜ್ಯಗಳ ನ್ಯಾಯಾಲಯಗಳಲ್ಲಿ ಶೇಕಡಾ 94 ಮಂದಿ ವಿಚಾರಣೆಯೇ ಇಲ್ಲದೆ, ತಾವಾಗಿ ತಪ್ಪೊಪ್ಪಿಕೊಂಡವರು. ಇದಕ್ಕೆ ಪ್ಲೀ ಬಾರ್ಗೇನ್ ಎನ್ನುತ್ತಾರೆ. ಬಂದರಿನ ಮೀನು ಮಾರುಕಟ್ಟೆಯಲ್ಲಿ ನಡೆಯುವಂಥ ಚೌಕಾಸಿಯೇ, ಇಲ್ಲಿ ಬೆಲೆಯ ಜಾಗದಲ್ಲಿ ವರ್ಷಗಳು. ಫೆಲನಿ ಬಿಟ್ಟು ಮಿಸ್‌ಡಿಮೀನರ್ ಮಾಡುತ್ತೇವೆ, ಒಪ್ಪಿಕೋ. ಐದು ವರ್ಷದ ಬದಲು ಪ್ರೊಬೇಷನ್ ಕೊಡುತ್ತೇವೆ, ಒಪ್ಪಿಕೋ. ಒಪ್ಪದೆ ವಿಚಾರಣೆಗೆ ಹೋಗಿ ಸೋತರೆ ಪೂರ್ತಿ ಶಿಕ್ಷೆ.

ಈ ಚೌಕಾಸಿ ಎಲ್ಲಿಯವರೆಗೆ ಹೋಗಬಹುದೆಂದು ತಿಳಿಯಲು ಕೆಂಟಕಿಯ ಪಾಲ್ ಹೇಯ್ಸ್ ಪ್ರಕರಣ ಓದಬೇಕು. 88 ಡಾಲರ್ 30 ಸೆಂಟ್‌ನ ನಕಲಿ ಚೆಕ್ ಕೊಟ್ಟನೆಂಬುದು ಆರೋಪ. ಅದಕ್ಕಿದ್ದ ಶಿಕ್ಷೆ 2ರಿಂದ 10 ವರ್ಷ. ಒಪ್ಪಿಕೊಂಡರೆ 5 ವರ್ಷ ಸಾಕು ಎಂದು ಸರ್ಕಾರದ ವಕೀಲರು ಹೇಳಿದರು. ಒಪ್ಪದಿದ್ದರೆ, ಹಿಂದೆ ಎರಡು ಫೆಲನಿ ಇದ್ದ ಆತನ ಮೇಲೆ ರೂಢಿಗತ ಅಪರಾಧಿಯ ಕಲಂ ಹಾಕುತ್ತೇವೆ ಎಂದೂ ಹೇಳಿದರು. ಹೇಯ್ಸ್ ಒಪ್ಪಲಿಲ್ಲ. ಕಲಂ ಹಾಕಿದರು, ಸೋತ, ಜೀವಾವಧಿ ಶಿಕ್ಷೆಯಾಯಿತು. 1978ರಲ್ಲಿ ಸುಪ್ರೀಂ ಕೋರ್ಟು 5-4ರ ಬಹುಮತದಿಂದ ಇದರಲ್ಲಿ ಸಂವಿಧಾನದ ಉಲ್ಲಂಘನೆ ಇಲ್ಲ ಎಂದಿತು. ಐದು ವರ್ಷ ಸಾಕೆನಿಸಿದ್ದ ಅದೇ ಅಪರಾಧಕ್ಕೆ ಜೀವಾವಧಿ ಬಂದದ್ದು ಆತ ವಿಚಾರಣೆ ಕೇಳಿದ ಮೇಲೆ. ನಾಲ್ವರು ನ್ಯಾಯಮೂರ್ತಿಗಳು ಒಪ್ಪಲಿಲ್ಲ ಎಂಬುದಷ್ಟೇ ಸಮಾಧಾನ.

ಹೇಯ್ಸ್‌ಗೆ ಹಳೆಯ ಅಪರಾಧಗಳಿದ್ದವು, ಆತನ ಬಗ್ಗೆ ನಿಮಗೆ ಅನುಕಂಪ ಬರದಿರಬಹುದು. ಕಲೀಫ್ ಬ್ರೌಡರ್ ಬಗ್ಗೆ ಬಂದೇ ಬರುತ್ತದೆ, ಏಕೆಂದರೆ ಆತನಿಗೆ ನಿಮ್ಮದೇ ವಯಸ್ಸು. 2010ರ ಮೇ ತಿಂಗಳು, ನ್ಯೂಯಾರ್ಕಿನ ಬ್ರಾಂಕ್ಸ್. ಒಂದು ಬ್ಯಾಗ್ ಕದ್ದನೆಂದು 16 ವರ್ಷದ ಹುಡುಗನನ್ನು ಹಿಡಿದರು. ಅಂದಿನ ನ್ಯೂಯಾರ್ಕ್ ಕಾನೂನಿನಲ್ಲಿ 16 ತುಂಬಿದವರು ವಯಸ್ಕ ಆರೋಪಿಗಳು. 3,000 ಡಾಲರ್ ಜಾಮೀನು ನಿಗದಿಯಾಯಿತು, ಮನೆಯವರಿಗೆ ಹೊಂದಿಸಲಾಗಲಿಲ್ಲ. ಆತ ಹಿಂದಿನೊಂದು ಪ್ರಕರಣದಲ್ಲಿ ಪ್ರೊಬೇಷನ್‌ನಲ್ಲಿದ್ದ ಕಾರಣ ಆಮೇಲೆ ಜಾಮೀನನ್ನೇ ನಿರಾಕರಿಸಿದರು. ರೈಕರ್ಸ್ ದ್ವೀಪದ ಜೈಲಿನಲ್ಲಿ ಮೂರು ವರ್ಷ ವಿಚಾರಣೆಗೆ ಕಾದ. ಅದರಲ್ಲಿ ಸುಮಾರು ಎರಡು ವರ್ಷ ಒಂಟಿ ಕೋಣೆ. ನಡುನಡುವೆ ಚೌಕಾಸಿಯ ಕೊಡುಗೆಗಳು ಬರುತ್ತಲೇ ಇದ್ದವು. ಕೊನೆಯ ಕೊಡುಗೆ ಹೀಗಿತ್ತು: ಎರಡು ಮಿಸ್‌ಡಿಮೀನರ್ ಒಪ್ಪಿಕೋ, ಇವತ್ತೇ ಮನೆಗೆ ಹೋಗು. ಆತ ಕದ್ದಿಲ್ಲವೆಂದೇ ಹೇಳಿ ಮತ್ತೆ ಜೈಲಿಗೆ ಮರಳಿದ. 2013ರಲ್ಲಿ ವಿಚಾರಣೆಯೇ ನಡೆಯದೆ ಆರೋಪ ವಜಾ ಆಯಿತು. ಹೊರಬಂದ ಮೇಲೂ ಆ ಕೋಣೆ ಆತನನ್ನು ಬಿಡಲಿಲ್ಲ. 2015ರಲ್ಲಿ, 22ನೇ ವಯಸ್ಸಿನಲ್ಲಿ, ತನ್ನ ಪ್ರಾಣವನ್ನು ತಾನೇ ಕಳೆದುಕೊಂಡ. ನ್ಯೂಯಾರ್ಕ್ 2017ರಲ್ಲಿ ಕಾನೂನು ತಿದ್ದಿ 16 ಮತ್ತು 17ರ ಹುಡುಗರನ್ನು ತಾನಾಗಿ ವಯಸ್ಕರೆಂದು ನಡೆಸಿಕೊಳ್ಳುವುದನ್ನು ನಿಲ್ಲಿಸಿತು.

ಕಳವಿನ ಕೇಸುಗಳಲ್ಲಿ ಜಾಮೀನು ಮತ್ತು ಚೌಕಾಸಿ ಹೇಗೆ ಒಂದಕ್ಕೊಂದು ಕೈ ಜೋಡಿಸುತ್ತವೆ ಎಂಬುದು ಇಲ್ಲಿ ಕಾಣುತ್ತದೆ. ದುಡ್ಡಿದ್ದವನು ಹೊರಗಿದ್ದು ವಿಚಾರಣೆಗೆ ಕಾಯಬಲ್ಲ. ಇಲ್ಲದವನಿಗೆ ಒಪ್ಪಿಕೊಳ್ಳುವುದೇ ಮನೆಗೆ ಹೋಗುವ ಹತ್ತಿರದ ದಾರಿ, ಕದ್ದಿರಲಿ ಬಿಡಲಿ. ನ್ಯೂಜೆರ್ಸಿ ಇದನ್ನು ಕಂಡುಕೊಂಡು 2017ರ ಜನವರಿಯಿಂದ ಹಣದ ಜಾಮೀನನ್ನು ಬಹುಮಟ್ಟಿಗೆ ಕೈಬಿಟ್ಟಿತು. ಆರೋಪಿ ತಪ್ಪಿಸಿಕೊಳ್ಳುವ, ಮತ್ತೆ ಅಪರಾಧ ಮಾಡುವ ಸಾಧ್ಯತೆಯನ್ನು ಅಂದಾಜು ಮಾಡಿ ಬಿಡುವುದೋ ಇರಿಸುವುದೋ ತೀರ್ಮಾನಿಸುತ್ತಾರೆ. ಕಳವಿನ ಗೆರೆಯಲ್ಲಿ ಅತಿ ಕಠಿಣವಾಗಿರುವ ರಾಜ್ಯ ಜಾಮೀನಿನಲ್ಲಿ ಉದಾರ. ಅಷ್ಟೇ ಅಲ್ಲ, ಮೊದಲ ಬಾರಿ ಸಿಕ್ಕಿಬಿದ್ದವರಿಗೆ ವಿಚಾರಣೆಗೆ ಮುಂಚೆಯೇ ಮೇಲ್ವಿಚಾರಣೆಯ ಕಾರ್ಯಕ್ರಮವೊಂದಿದೆ. ನಿಗದಿತ ಅವಧಿ ಸರಿಯಾಗಿ ನಡೆದುಕೊಂಡು, ನಷ್ಟ ತುಂಬಿಕೊಟ್ಟರೆ ಆರೋಪವೇ ರದ್ದು. ಪುಸ್ತಕದಲ್ಲಿ 3ರಿಂದ 5 ವರ್ಷ ಎಂದಿದ್ದರೂ ಮೊದಲ ಅಪರಾಧಿಗೆ ಜೈಲು ಬೇಡವೆಂಬುದೇ ಅಲ್ಲಿನ ಕಾನೂನಿನ ಸಾಮಾನ್ಯ ನಿಲುವು. ಆದ್ದರಿಂದ ಗೆರೆಗಳ ಪಟ್ಟಿ ನೋಡಿ ಯಾವ ರಾಜ್ಯ ಕಠಿಣ ಎಂದು ಹೇಳಿಬಿಡಬೇಡಿ.

ಬಡವನ ಪರ ವಕೀಲರ ವಿಷಯದಲ್ಲಿ ಅಮೆರಿಕಕ್ಕೆ ಒಂದು ಒಳ್ಳೆಯ ಕತೆಯಿದೆ, ಅದೂ ಕಳವಿನದೇ. 1961ರಲ್ಲಿ ಫ್ಲೋರಿಡಾದ ಪನಾಮ ಸಿಟಿಯಲ್ಲಿ ಒಂದು ಪೂಲ್ ಆಟದ ಮನೆಗೆ ನುಗ್ಗಿ ಚಿಲ್ಲರೆ ಕಾಸು ಮತ್ತು ಪಾನೀಯ ಕದ್ದನೆಂದು ಕ್ಲಾರೆನ್ಸ್ ಗಿಡಿಯನ್ ಎಂಬಾತನ ಮೇಲೆ ಫೆಲನಿ ಹಾಕಿದರು. ವಕೀಲರನ್ನಿಡಲು ಹಣವಿಲ್ಲ, ಕೊಡಿ ಎಂದು ಕೇಳಿದ. ಕೋರ್ಟು ಕೊಡಲಿಲ್ಲ. ತಾನೇ ವಾದಿಸಿ ಸೋತು 5 ವರ್ಷ ಶಿಕ್ಷೆ ಪಡೆದ. ಜೈಲಿನಿಂದ ಪೆನ್ಸಿಲಿನಲ್ಲಿ ಸುಪ್ರೀಂ ಕೋರ್ಟಿಗೆ ಅರ್ಜಿ ಬರೆದ. 1963ರಲ್ಲಿ ನ್ಯಾಯಾಲಯ ಸರ್ವಾನುಮತದಿಂದ, ಫೆಲನಿ ಆರೋಪ ಹೊತ್ತ ಬಡವನಿಗೆ ರಾಜ್ಯವೇ ವಕೀಲರನ್ನು ಕೊಡಬೇಕು ಎಂದಿತು. ಅದೇ ವರ್ಷ ಮರುವಿಚಾರಣೆ ನಡೆಯಿತು, ಈ ಸಲ ಪಕ್ಕದಲ್ಲಿ ವಕೀಲರಿದ್ದರು, ಜ್ಯೂರಿ ಸುಮಾರು ಒಂದು ಗಂಟೆಯಲ್ಲೇ ಆತನನ್ನು ಖುಲಾಸೆ ಮಾಡಿತು. ಸಾಕ್ಷಿ ಹೆಚ್ಚುಕಡಿಮೆ ಅದೇ, ಪಾಟೀಸವಾಲು ಮಾಡುವವರು ಬೇರೆ.

ಇದಕ್ಕೆ ಎದುರಾಗಿ ಇಡಬೇಕಾದ್ದು ಗ್ಯಾರಿ ಯೂಯಿಂಗ್ ಕತೆ. 2000ದಲ್ಲಿ ಲಾಸ್ ಏಂಜಲೀಸ್ ಕೌಂಟಿಯ ಗಾಲ್ಫ್ ಅಂಗಡಿಯೊಂದರಿಂದ ಆತ ಕುಂಟುತ್ತಾ ಹೊರಬಂದ. ಅನುಮಾನ ಬಂದು ಹಿಡಿದರೆ, ತಲಾ 399 ಡಾಲರಿನ ಮೂರು ಗಾಲ್ಫ್ ದಾಂಡುಗಳು ಪ್ಯಾಂಟಿನೊಳಗಿದ್ದವು. ನಾನು ಮೇಲೆ ಹೇಳಿದ, ಎರಡೂ ಕಡೆ ವಾಲಬಲ್ಲ ಅಪರಾಧ ಇದು. ಮಿಸ್‌ಡಿಮೀನರ್‌ಗೆ ಇಳಿಸಿ ಎಂದು ಕೇಳಿಕೊಂಡ, ನ್ಯಾಯಾಧೀಶರು ಒಪ್ಪಲಿಲ್ಲ. ಫೆಲನಿಯೇ ಆಯಿತು. ಹಿಂದಿನ ಗಂಭೀರ ಅಪರಾಧಗಳ ಜೊತೆ ಸೇರಿ ಕ್ಯಾಲಿಫೋರ್ನಿಯಾದ ಮೂರು ಹೊಡೆತಗಳ ಕಾನೂನಿನಡಿ 25 ವರ್ಷದಿಂದ ಜೀವಾವಧಿವರೆಗಿನ ಶಿಕ್ಷೆ ಬಂತು. ಅದೇ ಕಾನೂನಿನಡಿ ಲಿಯಾಂಡ್ರೊ ಆಂಡ್ರಾಡೆ ಎಂಬಾತನಿಗೆ ಎರಡು ಅಂಗಡಿಗಳಿಂದ ಕದ್ದ ಒಂಬತ್ತು ವಿಡಿಯೊ ಕ್ಯಾಸೆಟ್‌ಗಳಿಗೆ, ಒಟ್ಟು ಬೆಲೆ 153 ಡಾಲರ್ 54 ಸೆಂಟ್, ಕನಿಷ್ಠ 50 ವರ್ಷ. 2003ರಲ್ಲಿ ಸುಪ್ರೀಂ ಕೋರ್ಟು ಎರಡನ್ನೂ 5-4ರಿಂದ ಎತ್ತಿಹಿಡಿಯಿತು. ಮೂರನೆಯ ಅಪರಾಧವೂ ಗಂಭೀರ ಅಥವಾ ಹಿಂಸೆಯದಾಗಿದ್ದರೆ ಮಾತ್ರ ಆ ಶಿಕ್ಷೆ ಎಂದು ಸಾಮಾನ್ಯ ನಿಯಮವನ್ನು ಸಡಿಲಿಸಿದವರು ಮತ್ತೆ ಮತದಾರರೇ, 2012ರಲ್ಲಿ. ಆ ಪ್ರಸ್ತಾವದ ಸಂಖ್ಯೆಯೂ 36! 2012ರ 36 ಸಡಿಲಿಸಿತು, 2024ರ 36 ಬಿಗಿಗೊಳಿಸಿತು. ಅಂತರ್ಜಾಲದಲ್ಲಿ ಹುಡುಕುವಾಗ ವರ್ಷ ನೋಡಿಕೊಳ್ಳಿ.

ನಮ್ಮಲ್ಲಿ ಚೌಕಾಸಿ ಇಲ್ಲವೇ ಎಂದು ಕೇಳುವವರಿಗೆ: ಇದೆ. 2006ರ ಜುಲೈಯಿಂದ ಜಾರಿಯಲ್ಲಿದೆ, ಈಗ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯಲ್ಲಿ ಮುಂದುವರಿದಿದೆ. 7 ವರ್ಷದವರೆಗಿನ ಶಿಕ್ಷೆಯ ಅಪರಾಧಗಳಲ್ಲಿ, ಮಹಿಳೆಯರ ಮತ್ತು ಮಕ್ಕಳ ವಿರುದ್ಧದವನ್ನು ಹೊರತುಪಡಿಸಿ, ಆರೋಪಿಯೇ ಅರ್ಜಿ ಹಾಕಬೇಕು. ನ್ಯಾಯಾಧೀಶರು ಎದುರು ಪಕ್ಷವನ್ನು ಹೊರಗಿಟ್ಟು ಆತನನ್ನು ಒಬ್ಬನೇ ಕರೆದು, ಸ್ವಂತ ಇಚ್ಛೆಯಿಂದ ಬಂದಿದ್ದಾನೆಯೇ ಎಂದು ವಿಚಾರಿಸಬೇಕು. ಕಳೆದುಕೊಂಡವರೂ ಮಾತುಕತೆಯಲ್ಲಿ ಇರುತ್ತಾರೆ. ಆದರೂ ಇದರ ಬಳಕೆ ಬಹಳ ಕಡಿಮೆ. ನಮ್ಮ ಜೆಎಂಎಫ್‌ಸಿ ಕೋರ್ಟುಗಳಲ್ಲಿ ಕಳವಿನ ಕೇಸು ಎಳೆದುಕೊಂಡು ಹೋಗುತ್ತದೆ, ಇಲ್ಲವೇ ವಸ್ತುವಿನ ಮಾಲೀಕ ರಾಜಿಯಾಗುತ್ತಾನೆ. ಅಮೆರಿಕದ ರೋಗ ಆತುರದ್ದು, ನಮ್ಮದು ವಿಳಂಬದ್ದು.

2024ರಿಂದ ನಮ್ಮ ಕಳವಿನ ಕಲಮಿಗೂ ಒಂದು ಬೆಲೆಯ ಗೆರೆ ಬಂದಿದೆ, ಇದನ್ನು ಹೆಚ್ಚಿನವರು ಗಮನಿಸಿಲ್ಲ. ಕದ್ದದ್ದರ ಬೆಲೆ 5,000 ರೂಪಾಯಿಗಿಂತ ಕಡಿಮೆಯಿದ್ದು, ಮೊದಲ ಬಾರಿ ಶಿಕ್ಷೆಗೆ ಒಳಗಾಗುವವನು ವಸ್ತುವನ್ನೋ ಅದರ ಬೆಲೆಯನ್ನೋ ಹಿಂತಿರುಗಿಸಿದರೆ ಜೈಲಿಲ್ಲ, ಸಮುದಾಯ ಸೇವೆ. ಮಿಕ್ಕವಕ್ಕೆ ಹಿಂದಿನಂತೆ 3 ವರ್ಷದವರೆಗೆ, ಎರಡನೇ ಬಾರಿಯಾದರೆ ಕನಿಷ್ಠ 1 ವರ್ಷ. 5,000ದ ಕೆಳಗಿನ ಕಳವು ಈಗ ಜಾಮೀನು ಸಿಗುವ, ಅಸಂಜ್ಞೇಯ ಅಪರಾಧ. ಮ್ಯಾಜಿಸ್ಟ್ರೇಟರ ಆದೇಶವಿಲ್ಲದೆ ಪೊಲೀಸರು ತನಿಖೆಗೆ ಇಳಿಯುವಂತಿಲ್ಲ. ನಿಮ್ಮ ಹಳೆಯ ಫೋನ್ ಬಸ್ಸಿನಲ್ಲಿ ಕಳವಾದಾಗ ಠಾಣೆಯಲ್ಲಿ ಇದರ ಅರ್ಥ ತಿಳಿಯುತ್ತದೆ. ವರ್ಜೀನಿಯಾದ 200 ಡಾಲರನ್ನು ನೆನಪಿಟ್ಟುಕೊಂಡು ಈ 5,000 ಎಷ್ಟು ವರ್ಷ ಕದಲದೆ ನಿಲ್ಲುತ್ತದೆ ಎಂದು ನಾನಂತೂ ನೋಡುತ್ತಿರುತ್ತೇನೆ. ಇನ್ನು 18 ತುಂಬದವರನ್ನು ನಮ್ಮಲ್ಲಿ ಲಾಕಪ್ಪಿಗೆ ಹಾಕುವಂತಿಲ್ಲ, 24 ಗಂಟೆಗಳೊಳಗೆ ಬಾಲನ್ಯಾಯ ಮಂಡಳಿಯ ಮುಂದೆ ಹಾಜರುಪಡಿಸಬೇಕು. ಬ್ರೌಡರ್ ಇಲ್ಲಿ ಹುಟ್ಟಿದ್ದರೆ ಅವನ ಕೇಸು ಹೋಗುತ್ತಿದ್ದದ್ದು ಅಲ್ಲಿಗೆ.

ಕೊನೆಯದಾಗಿ, ಅಮೆರಿಕಕ್ಕೆ ಹೋಗುವ ಆಸೆಯಿರುವವರಿಗೆ. ಅಲ್ಲಿ ನಾಗರಿಕನಲ್ಲದವನ ಮೇಲೆ ಕಳವಿನ ಕೇಸಾದರೆ ಎರಡು ಕಾನೂನುಗಳು ಒಟ್ಟಿಗೆ ನಡೆಯುತ್ತವೆ: ರಾಜ್ಯದ ದಂಡ ಕಾನೂನು, ಒಕ್ಕೂಟದ ವಲಸೆ ಕಾನೂನು. ಟೆಕ್ಸಾಸಿನಲ್ಲಿ ತಪ್ಪೊಪ್ಪಿಕೊಂಡವನ ತೀರ್ಪನ್ನು ನ್ಯಾಯಾಧೀಶರು ಮುಂದೂಡಿ, ಮೇಲ್ವಿಚಾರಣೆಯ ಅವಧಿ ಮುಗಿದ ಮೇಲೆ ಕೇಸು ವಜಾ ಮಾಡುವ ಪದ್ಧತಿಯಿದೆ. ರಾಜ್ಯದ ದೃಷ್ಟಿಯಲ್ಲಿ ಆತ ಅಪರಾಧಿಯಲ್ಲ. ವಲಸೆ ಕಾನೂನಿನ ದೃಷ್ಟಿಯಲ್ಲಿ ಅಪರಾಧಿ. ಹಾಗೆಯೇ ಕಳವಿಗೆ ಒಂದು ವರ್ಷದ ಶಿಕ್ಷೆ ವಿಧಿಸಿ ಅದನ್ನು ಪೂರ್ತಿ ಅಮಾನತಿನಲ್ಲಿಟ್ಟು, ಒಂದು ದಿನವೂ ಜೈಲಿಗೆ ಕಳಿಸದೆ ಬಿಟ್ಟರೂ ವಲಸೆ ಕಾನೂನು ಅದನ್ನು ಗಡೀಪಾರಿಗೆ ಯೋಗ್ಯವಾದ ಘೋರ ಫೆಲನಿಗಳ ಪಟ್ಟಿಗೆ ಸೇರಿಸುತ್ತದೆ. ಕ್ಯಾಲಿಫೋರ್ನಿಯಾ 2015ರಿಂದ ಮಿಸ್‌ಡಿಮೀನರ್‌ನ ಗರಿಷ್ಠ ಶಿಕ್ಷೆಯನ್ನು 365 ದಿನದಿಂದ 364ಕ್ಕೆ ಇಳಿಸಿದ್ದು ಇದೇ ಕಾರಣಕ್ಕೆ. ಒಂದು ದಿನದ ವ್ಯತ್ಯಾಸದಲ್ಲಿ ಒಂದು ಕುಟುಂಬ ಅಲ್ಲಿ ಉಳಿಯುವುದೋ ಹೊರಡುವುದೋ ಇದೆ. ತಪ್ಪೊಪ್ಪಿಕೊಳ್ಳುವ ಮುಂಚೆ ಗಡೀಪಾರಿನ ಅಪಾಯವನ್ನು ವಕೀಲರು ಕಕ್ಷಿದಾರನಿಗೆ ಹೇಳಲೇಬೇಕು ಎಂದು 2010ರ ಪಡಿಯಾ ತೀರ್ಪಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು ಹೇಳಿದೆ, ಹಾಗಾಗಿ ಕೇಳಿ ತಿಳಿದುಕೊಳ್ಳುವ ಹಕ್ಕು ಆರೋಪಿಗಿದೆ. ಕಳವು, ಹಲ್ಲೆಯಂಥ ಅಪರಾಧ ಮಾಡಿದರೆ ವೀಸಾ ರದ್ದಾಗಬಹುದು, ಮುಂದೆ ವೀಸಾ ಸಿಗದೆಯೂ ಹೋಗಬಹುದು ಎಂದು ಭಾರತದಲ್ಲಿರುವ ಅಮೆರಿಕದ ರಾಯಭಾರ ಕಚೇರಿ 2025ರ ಜುಲೈನಲ್ಲಿ ಬಹಿರಂಗವಾಗಿ ಎಚ್ಚರಿಸಿತ್ತು. ವೀಸಾಕ್ಕೆ ತುಂಬುವ ಡಿಎಸ್-160 ಅರ್ಜಿಯಲ್ಲಿ, ನಿಮ್ಮನ್ನು ಎಂದಾದರೂ ಬಂಧಿಸಲಾಗಿತ್ತೇ ಅಥವಾ ನಿಮಗೆ ಶಿಕ್ಷೆಯಾಗಿತ್ತೇ ಎಂಬ ಪ್ರಶ್ನೆಯಿದೆ. ಕ್ಷಮಾದಾನ ಸಿಕ್ಕಿದ್ದರೂ ಹೇಳಬೇಕು ಎಂದು ಅದರಲ್ಲೇ ಬರೆದಿದೆ. ಬರೀ ಬಂಧನವಾಗಿ ಕೇಸು ವಜಾ ಆದವರೂ ಅಲ್ಲಿ ‘ಹೌದು’ ಎಂದೇ ಗುರುತು ಹಾಕಬೇಕು.